ಎಳೆದರೆ ಬರಬಾರದ ಬನ್ನಿ

ಕಾಕು ರೈಲಿನಲ್ಲಿ ಕೂತದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಸೀಟು ಸಿಗುತ್ತಿರಲಿಲ್ಲ ಅಂತಲ್ಲ. ಸಿಕ್ಕಿದ ಸೀಟಿನಲ್ಲಿ ಗಿಡದ ಕಡ್ಡಿಗಳನ್ನು ಕೂರಿಸಿ ತಾವು ಪಕ್ಕದಲ್ಲಿ ನಿಂತುಬಿಡುತ್ತಿದ್ದರು. ಒದ್ದೆ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ದೊಡ್ಡ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿದ ಕಡ್ಡಿಗಳು. ಕಿಟಕಿ ಪಕ್ಕದ ಸೀಟೂ ಬೇಡ, ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ನಡುವಿನ ಸೀಟೇ ಬೇಕು.

ಸೂರತ್‌ನಿಂದ ವಡೋದರಾಕ್ಕೆ ಬರುವಾಗ ಒಬ್ಬರು ಕೇಳಿದರು, "ಬೆನ್, ಥೇಲಿ ಉಪರ್ ಮೂಕೋ ನೆ." ಚೀಲ ಮೇಲಿಡಿ ಅಂತ.

"ಉಪರ್ ಗರಮ್ ಛೆ ಭಾಯಿ. ಆ ಮಾಂದು ಛೆ," ಅಂದರು ಕಾಕು. ಮೇಲೆ ಸೆಕೆ, ಇದಕ್ಕೆ ಹುಷಾರಿಲ್ಲ.

ಆ ಮನುಷ್ಯ ಹುಷಾರಿಲ್ಲದವರು ಯಾರು ಅಂತ ಸುತ್ತ ಹುಡುಕಿದ. ನನ್ನನ್ನು ನೋಡಿದ. ಕಾಕು ಚೀಲದ ಕಡೆ ಬೆರಳು ತೋರಿಸಿದ ಮೇಲೆ ಸುಮ್ಮನೆ ಎದ್ದು ಬೇರೆ ಡಬ್ಬಿಗೆ ಹೋದ. ಇನ್ನೊಂದು ಸೀಟು ಖಾಲಿಯಾಯಿತು. ನಾನು ಕೂರಲು ಹೋದೆ. "ಏ, ಕುಂದರಬ್ಯಾಡ, ಚೀಲಕ್ಕ ಗಾಳಿ ಬೀಸು," ಅಂದರು.

ಈಗ ಕಾಕು ಈ ಕಡೆ ಇಲ್ಲ. ಅವರ ಬಗ್ಗೆ ಬರೆಯಲು ಕೂತರೆ ಕೂರುವುದಕ್ಕೇ ಆಗುತ್ತಿಲ್ಲ. ಎರಡು ಸಾಲು ಟೈಪ್ ಮಾಡುತ್ತೇನೆ, ಎದ್ದು ಬಾಲ್ಕನಿಗೆ ಹೋಗಿ ಟ್ರೇ ನೋಡುತ್ತೇನೆ, ಮತ್ತೆ ಬರುತ್ತೇನೆ. ಇದೂ ಅವರಿಂದಲೇ ಅಂಟಿದ ರೋಗ.

ನಾನು ಬೆಳೆದದ್ದು ಅಹಮದಾಬಾದಿನ ಬೋಡಕ್‌ದೇವ್‌ನಲ್ಲಿ. ಅಪ್ಪ ಬ್ಯಾಂಕಿನವರು, ಮೈಸೂರಿನಿಂದ ಟ್ರಾನ್ಸ್‌ಫರ್ ಆಗಿ ಬಂದು ಇಲ್ಲೇ ಉಳಿದವರು. ನನ್ನ ಕನ್ನಡ ಆಗ ಊಟದ ಮೇಜಿನ ಕನ್ನಡ. ಉಪ್ಪು, ಸಾರು, ಇನ್ನೊಂಚೂರು ಹಾಕು, ಅಷ್ಟು. ಓದುವಾಗ ಅಕ್ಷರ ಕೂಡಿಸಿ ಕೂಡಿಸಿ ಓದಬೇಕಿತ್ತು. ಗಿಡದ ವಿಷಯದಲ್ಲೂ ಹಾಗೆಯೇ. ಯಾರೂ ಕಲಿಸಿದ್ದಲ್ಲ, ವಿಡಿಯೋ ನೋಡಿ ನೋಡಿ ಕಲಿತದ್ದು. ಬಾಲ್ಕನಿಯಲ್ಲಿ ಐಸ್‌ಕ್ರೀಮ್ ಡಬ್ಬಿಗಳಲ್ಲಿ ಮರಳು, ತೆಂಗಿನ ನಾರಿನ ಪುಡಿ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ಬೋಗನ್‌ವಿಲ್ಲಾ ಬೇರು ಬಿಟ್ಟ ದಿನ ಇಡೀ ಅಪಾರ್ಟ್‌ಮೆಂಟಿಗೆ ಹೇಳಿಕೊಂಡು ತಿರುಗಿದ್ದೆ.

ಅಹಮದಾಬಾದ್, ವಡೋದರಾ, ಸೂರತ್, ಮೂರೂ ಊರಿನ ಕನ್ನಡದವರದ್ದು ಒಂದು ವಾಟ್ಸಾಪ್ ಗುಂಪಿದೆ. ಶುಭೋದಯ, ಹುಟ್ಟುಹಬ್ಬ, ಗಣೇಶ ಹಬ್ಬದ ಊಟ ಎಲ್ಲಿ ಅನ್ನುವುದು ಬಿಟ್ಟರೆ ಅಲ್ಲಿ ಬೇರೇನೂ ಬರುವುದಿಲ್ಲ. ಒಂದು ದಿನ ಬೆಳಿಗ್ಗೆ ಒಂದು ಸಂದೇಶ ಬಂತು:

"ಬನ್ನಿ ಉಳಸಬೇಕು. ರವಿವಾರ ಮುಂಜಾನೆ ಪಾಂಡೇಸರಾ. ಕಡ್ಡಿ ಕತ್ತರಸಲಿಕ್ಕೆ ಕೈ ಬೇಕು. ಉಧನಾ ಸ್ಟೇಶನ್ನಿನಾಗ ನಿಂತಿರ್ತೇನಿ."

ನಾನು ಕೂಡಿಸಿ ಓದಿದೆ. ಬನ್ನಿ. ಉಳಿಸಬೇಕು. ಏನನ್ನು ಉಳಿಸಬೇಕು ಅಂತ ಯೋಚನೆಯೇ ಬರಲಿಲ್ಲ. ಕಡ್ಡಿ ಕತ್ತರಿಸುವುದು ಅನ್ನುವ ಎರಡು ಪದ ಕಂಡದ್ದೇ ತಲೆ ತಿರುಗಿತ್ತು. ಈ ಗುಂಪಿನಲ್ಲಿ ನನ್ನ ಹಾಗೆ ಇನ್ನೊಂದು ಹುಚ್ಚು ಇದೆ! ಸಂದೇಶದ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು ಬಿದ್ದಿದ್ದವು. ಎಲ್ಲರೂ ಬರುತ್ತಾರೆ ಅಂದುಕೊಂಡೆ.

ಉಧನಾದಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಇಳಕಲ್ ಸೀರೆ, ಕಾಲಿಗೆ ಓಡುವವರ ಬೂಟು, ಕೈಯಲ್ಲಿ ಗಿಡದ ಕತ್ತರಿ ಹಿಡಿದ ಒಬ್ಬ ಹೆಂಗಸು ಆ ಕಡೆಯಿಂದ ಈ ಕಡೆ ನಡೆಯುತ್ತಿದ್ದರು.

"ಯಾರವಾ ನೀ?"

"ನೀವು ಬನ್ನಿ ಅಂತ ಕರೆದಿದ್ರಲ್ಲ ಆಂಟಿ, ಅದಕ್ಕೇ ಬಂದೆ."

"ನಾ ಎಲ್ಲಿ ಕರದೇನಿ?"

ಫೋನ್ ತೆಗೆದು ತೋರಿಸಿದೆ. ಅವರು ಓದಿದರು. ನನ್ನ ಮುಖ ನೋಡಿದರು. ಮತ್ತೆ ಓದಿದರು.

"ಹುಚ್ಚಿ, ಬನ್ನಿ ಅಂದ್ರ ಗಿಡಾ! ಬನ್ನೀ ಗಿಡಾ! ಕರಿಯೂದಿದ್ರ ನಾ 'ಬರ್ರಿ' ಅಂತಿದ್ನಿ. ಎಲ್ಲಿಯವರು ನೀವು? ಮೈಸೂರ ಕಡೆ?"

ತಲೆಯಾಡಿಸಿದೆ. ಸುತ್ತ ನೋಡಿದೆ. ಬೇರೆ ಯಾರೂ ಬಂದಿರಲಿಲ್ಲ.

"ನೋಡು, ಬರೋಬ್ಬರಿ ಓದಿದವ್ರು ಕೈ ಮುಗದು ಮನ್ಯಾಗ ಕೂತಾರ. ತಪ್ಪ ಓದಿದಾಕಿ ನೀ ಒಬ್ಬಾಕಿ ಬಂದಿ. ನಡಿ. ಮತ್ತ ಆಂಟಿ ಅನಬ್ಯಾಡ, ಕಾಕು ಅನ್ನು."

ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಮಿಲ್ಲಿನ ಹಿಂಭಾಗದಲ್ಲಿತ್ತು ಆ ಮರ. ಪಕ್ಕದ ಚರಂಡಿಯಲ್ಲಿ ಆ ದಿನ ನೇರಳೆ ನೀರು ಹರಿಯುತ್ತಿತ್ತು. ಮರಕ್ಕೆ ಅಂಥ ರೂಪವೇನಿಲ್ಲ, ಬಾಗಿದ ಕಾಂಡ, ಬಿರುಕು ತೊಗಟೆ, ಸಣ್ಣ ಸಣ್ಣ ಎಲೆ. ಗುಜರಾತಿಯಲ್ಲಿ ಖಿಜಡೋ. ಇಂಥವು ಈ ರಾಜ್ಯದ ತುಂಬ ಇವೆ. ಇದರಲ್ಲೇನು ವಿಶೇಷ ಅಂತ ನಾನು ಕೇಳುವ ಮೊದಲೇ ಕಾಕು ನನ್ನ ಮಣಿಕಟ್ಟು ಹಿಡಿದು ಅಂಗೈಯನ್ನು ಕೊಂಬೆಗೆ ಒತ್ತಿ ಎಳೆದರು. ನಾನು ಕಿರುಚಿದೆ.

"ಯಾಕ ಒದರ್ತಿ? ಚುಚ್ಚಿತೇನು?"

ಚುಚ್ಚಲಿಲ್ಲ. ಬನ್ನಿಗೆ ಮುಳ್ಳಿರಬೇಕು. ಇದಕ್ಕೆ ಮುಳ್ಳೇ ಇರಲಿಲ್ಲ.

ಅವರ ಯಜಮಾನರು, ನನಗೆ ಕಾಕಾ, ರೈಲ್ವೆಯವರು, ಈಗ ವಡೋದರಾದಲ್ಲಿ. ಹಿಂದೆ ಸೂರತ್‌ನಲ್ಲಿದ್ದಾಗ ದಸರೆಗೆ ಕನ್ನಡದ ಮನೆಗಳವರೆಲ್ಲ ಎಲೆ ತರಲು ಈ ಮರಕ್ಕೇ ಬರುತ್ತಿದ್ದರಂತೆ. ಚಿಕ್ಕ ಮಕ್ಕಳೂ ತಾವೇ ಕೈಯಾರೆ ಕಿತ್ತುಕೊಂಡು, ಸಂಜೆ ಮನೆಮನೆಗೆ ಹೋಗಿ "ಬನ್ನಿ ತೊಗೊಂಡು ಬಂಗಾರದಂಗ ಇರೂಣು" ಅಂತ ಕೊಡುತ್ತಿದ್ದರಂತೆ. ಈಗ ಮಿಲ್ಲಿನವರು ಅಲ್ಲಿ ಹೊಸ ಶೆಡ್ಡು ಕಟ್ಟುತ್ತಾರೆ. ಪೈಪು ಹಾಕಲು ಕಾಲುವೆ ಆಗಲೇ ಅಗೆದಿದ್ದರು. ಕಡಿಯುವುದೊಂದು ಬಾಕಿ.

"ಬೀಜ ಹಾಕಿದ್ರೆ ಬರಲ್ವಾ ಕಾಕು?"

"ಬೀಜದಿಂದ ಬಂದಾಕಿ ಮಗಳು. ಮಗಳು ತನ್ನ ಮುಳ್ಳ ತಾ ತರ್ತಾಳ. ಕಡ್ಡಿಯಿಂದ ಬಂದಾಕಿ ಮಗಳಲ್ಲ, ತಾನೇ. ಇಕೀನs ಬೇಕಂದ್ರ ಕಡ್ಡೀನs ಹಚ್ಚಬೇಕು."

"ಮತ್ತೆ ಕಸಿ?"

"ಕಸಿ ಮಾಡಿದ್ರ ಕಾಲು ಮಂದೀದು. ಕೆಳಗಿಂದ ಮುಳ್ಳಿನ ಚಿಗುರ ಎದ್ದು ಮ್ಯಾಲಿನಾಕಿನ್ನ ನುಂಗತದ. ತನ್ನ ಕಾಲಮ್ಯಾಲೆ ತಾ ನಿಂದರಬೇಕು. ಮಾತು ಸಾಕು, ಕತ್ತರಸು."

ಹೀಗೆ ನಾನು ಅವರ ಕೈಗೆ ಸಿಕ್ಕೆ.

ವಡೋದರಾದ ಹೊರವಲಯದಲ್ಲಿ ಒಂದು ನರ್ಸರಿ. ಅದರ ಯಜಮಾನರನ್ನು ಎಲ್ಲರೂ ಭಾಯಿ ಅನ್ನುತ್ತಾರೆ. ಪ್ಲಾಸ್ಟಿಕ್ ಹೊದಿಸಿದ ಅವರ ಪಾಲಿಹೌಸಿನ ಒಂದು ಮೂಲೆ ಕಾಕುವಿನದು. ಒಳಗೆ ಟೈಮರ್ ಇಟ್ಟ ನಳಿಕೆಗಳು. ಗಳಿಗೆಗೊಮ್ಮೆ ಟಕ್ ಅಂದು, ಉಸ್ಸ್ ಅಂತ ಮಂಜು ಬಿಡುತ್ತವೆ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಎಲೆಯಿಂದ ಮಾತ್ರ ನೀರು ಆರಿಹೋಗುತ್ತದೆ, ಆದ್ದರಿಂದ ಗಾಳಿಯನ್ನೇ ಒದ್ದೆಯಾಗಿಡಬೇಕು. ಕಾಕು ಕನ್ನಡಕ ತೆಗೆದು, ಸೆರಗು ಬಿಗಿದು, ಆ ಮಂಜಿನೊಳಗೆ ಆ ಟ್ರೇ ಈ ಕಡೆ, ಈ ಟ್ರೇ ಆ ಕಡೆ ಇಡುತ್ತಲೇ ಇರುತ್ತಿದ್ದರು. ಯಾಕೆ ಅಂತ ಕೇಳಿದರೆ "ಅಲ್ಲಿ ಬಿಸಲು" ಅನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ವಾಪಸ್ಸು ಅಲ್ಲಿಗೇ.

"ಬೆನ್ ಗಿಡಗಳಿಗೂ ಟ್ರಾನ್ಸ್‌ಫರ್ ಆರ್ಡರ್ ಕೊಡ್ತಾರೆ," ಅಂತ ಭಾಯಿ ಹಿಂದಿಯಲ್ಲಿ ನನ್ನ ಹತ್ತಿರ ನಗುತ್ತಿದ್ದರು.

ತಮಾಷೆಯಲ್ಲೂ ಸತ್ಯವಿತ್ತು. ಮದುವೆಯಾದಾಗಿನಿಂದ ಅವರ ಮನೆ ಅಂದರೆ ರೈಲ್ವೆ ಕ್ವಾರ್ಟರ್ಸ್. "ಕ್ವಾರ್ಟರ್ಸಿನ ಗಿಡಾ ಸರಕಾರದ್ದು. ಕಡ್ಡಿ ನಮ್ಮದು," ಅನ್ನುತ್ತಿದ್ದರು. ಗುಂತಕಲ್‌ನ ಹಾಲುವಾಣವನ್ನು ಸೊಲ್ಲಾಪುರಕ್ಕೆ ಒಯ್ದರು, ಸೊಲ್ಲಾಪುರದ ಪಾರಿಜಾತವನ್ನು ಭುಸಾವಳಕ್ಕೆ. ನೆಟ್ಟದ್ದು ಹೂ ಬಿಡುವ ಹೊತ್ತಿಗೆ ಇನ್ನೊಂದೂರು. ಯಾರ್ಯಾರದೋ ಅಂಗಳದಲ್ಲಿ ಅವರ ಮರಗಳು ಈಗ ಯಾರ್ಯಾರಿಗೋ ನೆರಳು ಕೊಡುತ್ತಿವೆ. ಹೋಗಿ ನೋಡಬೇಕು ಅನಿಸುವುದಿಲ್ಲವಾ ಅಂದೆ ಒಮ್ಮೆ. "ಹೋದ್ರ ಕಡದಿರ್ತಾರ," ಅಂದರು. "ಹೋಗಲಿಲ್ಲಂದ್ರ ಇರ್ತಾವ."

ಮೊದಲ ದಿನವೇ ಒಂದು ಪಾಠ ಹೇಳಿದರು. ಬೇರು ಬಂದಿದೆಯೋ ಇಲ್ಲವೋ ತಿಳಿಯಲು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಕೂಸಿನ ಕಿವಿ ಹಿಡಿದ ಹಾಗೆ, ಮೆಲ್ಲಗೆ ಎಳೆಯಬೇಕು.

"ಎಳದ್ರ ಬರಬಾರದು. ಬಂತಂದ್ರ ಹೋತು."

ನನ್ನ ಅರೆಬರೆ ಕನ್ನಡಕ್ಕೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಾಯಿ ಸುಮ್ಮನಿರಲಿಲ್ಲ.

"ಹಾಗಾದ್ರೆ ಬನ್ನಿ ಅಂದ್ರೆ ಬರಬಾರ್ದು?"

"ನಿನ್ನಂಗ ಕರೀಲಾರದs ಬರಬಾರದು," ಅಂದರು. "ಮತ್ತ ಕೇಳಿಲ್ಲೆ, ನಾ ಹೇಳೂತನಕ ಯಾವುದನ್ನೂ ಎಳೀಬ್ಯಾಡ. ಹತ್ತಲಿಕತ್ತ ಬೇರು ಎಳದ್ರ ಹರೀತದ."

ಹೀಗೆ ಹೇಳಿದವರೇ, ನಾನು ಪೈಪು ತಿರುಗಿಸಲು ಬೆನ್ನು ಹಾಕಿದರೆ ಸಾಕು, ಒಂದನ್ನು ಎಳೆದು ನೋಡುತ್ತಿದ್ದರು. ಸಿಕ್ಕಿಬಿದ್ದರೆ "ಸೊಟ್ಟ ನಿಂತಿತ್ತು, ನೆಟ್ಟಗ ಮಾಡಿದೆ." ತಾಳ್ಮೆ ಬಗ್ಗೆ ಅಷ್ಟು ಚೆನ್ನಾಗಿ ಮಾತಾಡಿ ಅಷ್ಟು ಕಡಿಮೆ ತಾಳ್ಮೆ ಇಟ್ಟುಕೊಂಡ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮೊದಲ ಸಲದ ಕಡ್ಡಿಗಳೆಲ್ಲ ಹೋದವು. ಎಳೆದರೆ ಬಂದವು, ಕಾಲು ಕಪ್ಪಾಗಿ. ಕಾಕು ಮರಳನ್ನು ಬೈದರು, ಟೈಮರನ್ನು ಬೈದರು, ನನ್ನ ಕತ್ತರಿಯನ್ನು ಬೈದರು, ಕೊನೆಗೆ ತಡವಾಗಿ ಬಂದ ರೈಲನ್ನೂ ಬೈದರು. ಭಾಯಿ ಬಾಗಿಲಲ್ಲಿ ನಿಂತು, "ಖಿಜಡೋ ಕಲಮ್‌ಥೀ ನಾ ಥಾಯ್, ಬೆನ್," ಅಂದರು. ಖಿಜಡೋ ಕಡ್ಡಿಯಿಂದ ಆಗುವುದಿಲ್ಲ. ಮುಂದಿನ ಭಾನುವಾರ ಮತ್ತೆ ಪಾಂಡೇಸರಾ.

ಅಷ್ಟರಲ್ಲಿ ಕಾಲುವೆ ಅಗೆದ ಕಡೆ ತುಂಡಾದ ಬೇರಿನಿಂದ ಹೊಸ ಚಿಗುರು ಎದ್ದಿತ್ತು. ನಾನು ಕುಣಿದುಬಿಟ್ಟೆ. ಎಳೆಯ ಚಿಗುರಿನ ಕಡ್ಡಿ ಬೇಗ ಬೇರು ಬಿಡುತ್ತದೆ ಅಂತ ಎಷ್ಟೊಂದು ವಿಡಿಯೋದಲ್ಲಿ ನೋಡಿದ್ದೆ. ತಂದು ಹಚ್ಚಿದೆವು. ನಿಜವಾಗಿಯೂ ಕಳೆಯ ಹಾಗೆ ಬೇರು ಬಿಟ್ಟವು. "ಲ್ಯೋ ಬೆನ್, ಥಈ ಗಯೂ!" ಅಂದರು ಭಾಯಿ. ತಗೊಳ್ಳಿ, ಆಗಿಯೇ ಹೋಯಿತು.

ಕಾಕು ಒಂದು ಸಸಿ ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದರು. ರಕ್ತ ಬಂತು. ಮೈತುಂಬ ಮುಳ್ಳು.

"ಇದೂ ಅದೇ ಮರ ಅಲ್ವಾ ಕಾಕು? ಅದೇ ಬೇರಿಂದಾನೇ ಬಂದಿದ್ದು!"

"ಅದೇ ಗಿಡಾ. ಆದ್ರ ಸಣ್ಣಾಕಿದ್ದಾಗಿನ ಗಿಡಾ. ಇನ್ನೂ ಸಿಟ್ಟ ಇಳದಿಲ್ಲ." ಹೆಬ್ಬೆರಳು ಬಾಯಲ್ಲಿಟ್ಟುಕೊಂಡರು. "ಇಕೀ ಮೆತ್ತಗಾಗೂದ್ರಾಗ ನಾ ಇರ್ತೇನೋ ಇಲ್ಲೋ. ಮೆತ್ತಗ ಆಗ್ತಾಳೋ ಇಲ್ಲೋ ಅದೂ ಗೊತ್ತಿಲ್ಲ."

ಮೃದುವಾದ ಹಳೆ ಕೊಂಬೆಗೆ ಬೇರು ಬರುವುದಿಲ್ಲ, ಬೇರು ಬರುವ ಎಳೆ ಕೊಂಬೆಗೆ ಮುಳ್ಳು ತಪ್ಪುವುದಿಲ್ಲ. ಎಂಥ ದೊಡ್ಡ ಮಾತು ಅನ್ನಿಸಿ ಕಾಕುವಿಗೆ ಹೇಳಿದೆ. "ಟ್ರೇ ತೊಳಿ," ಅಂದರು.

ಆ ವಾರ ನಾನು ಆಫೀಸಿನಲ್ಲಿ ಏನು ಕೆಲಸ ಮಾಡಿದೆನೋ ದೇವರಿಗೇ ಗೊತ್ತು. ಹುಡುಕಿದೆ, ಹುಡುಕಿದೆ. ಕೊನೆಗೆ ಒಂದು ಕಡೆ ಸಿಕ್ಕಿತು: ಕೊಂಬೆ ಮರದಲ್ಲಿರುವಾಗಲೇ, ಕತ್ತರಿಸುವ ಜಾಗಕ್ಕೆ ಕಪ್ಪು ಪಟ್ಟಿ ಸುತ್ತಿ ಬೆಳಕು ಬೀಳದಂತೆ ಮಾಡಿದರೆ, ಆ ಭಾಗ ಬೆಳ್ಳಗೆ, ಎಳೆಯದಾಗುತ್ತದಂತೆ, ಬೇರು ಬಿಡಲು ಒಪ್ಪುತ್ತದಂತೆ. ಕಾಕುವಿಗೆ ಫೋನ್ ಮಾಡಿ ಉಸಿರು ಬಿಡದೆ ಹೇಳಿದೆ.

"ಯಾವನ ವಿಡಿಯೋ ಇದು?"

"ಯಾರೋ ಕಾಕು, ಮುಖ ತೋರಿಸಲ್ಲ, ಕೈ ಮಾತ್ರ ತೋರಿಸ್ತಾನೆ."

"ಕೈಯಾಗ ಮಣ್ಣದ ಏನು?"

"ಇದೆ."

"ಹಂಗಾರ ನಡಿ."

ಹಳೆಯ ಕೊಡೆಗಳ ಬಟ್ಟೆ ಹರಿದು ಪಟ್ಟಿ ಮಾಡಿಕೊಂಡು ಹೋದೆವು. ಮಿಲ್ಲಿನ ಏಣಿ ಕೇಳಿ ಪಡೆದು, ಕಾಕು ತಾವೇ ಹತ್ತಿ, ಆರಿಸಿದ ರೆಂಬೆಗಳಿಗೆಲ್ಲ ಕಪ್ಪು ಪಟ್ಟಿ ಕಟ್ಟಿದರು. ಊಟಕ್ಕೆ ಬಂದ ಕೆಲಸಗಾರರು ಸುತ್ತ ನಿಂತರು. ಹೆಚ್ಚಿನವರು ಉತ್ತರದ ಕಡೆಯಿಂದ ಬಂದವರು. ಒಬ್ಬಾತ ಚಪ್ಪಲಿ ಕಳಚಿ ಭಕ್ತಿಯಿಂದ ಕೇಳಿದ, "ಮಾಜಿ, ಕಿಸ್ ಚೀಜ್ ಕೀ ಮನ್ನತ್ ಹೈ?" ಏನು ಹರಕೆ ಅಂತ.

ಕಾಕು ಏಣಿ ಮೇಲಿಂದ, "ಜಡ್ ಆನೇ ಕೀ," ಅಂದರು. ಬೇರು ಬರಲಿ ಅಂತ. ಅವರು ಹೇಳಿದ್ದು ಕಡ್ಡಿಯ ವಿಷಯ. ಊರು ಬಿಟ್ಟು ಬಂದು, ಬಾಡಿಗೆ ಖೋಲಿಯಲ್ಲಿ ಪಾಳಿ ಮೇಲೆ ಮಲಗುವ ಮನುಷ್ಯನಿಗೆ ಅದು ಹೇಗೆ ಕೇಳಿಸಿತೋ. ಆತ ತಲೆ ಬಾಗಿಸಿದ.

ಮುಂದಿನ ಸಲ ಹೋದಾಗ ಮರ ಗುರುತೇ ಸಿಗಲಿಲ್ಲ. ಕೆಂಪು, ಹಳದಿ, ಗಿಳಿಹಸಿರು, ಮಿಲ್ಲಿನ ಸೀರೆಗಳ ಅಂಚು ಕತ್ತರಿಸಿದ ಚೂರುಗಳು ಕೈಗೆಟಕುವ ಕೊಂಬೆಗಳಿಗೆಲ್ಲ ಕಟ್ಟಿದ್ದವು. ಬುಡದಲ್ಲಿ ಅಗರಬತ್ತಿ. ಕಡಿಯಲು ಬಂದ ಗುತ್ತಿಗೆಯವನ ಆಳುಗಳು ಕೊಡಲಿ ಮುಟ್ಟಲು ಒಪ್ಪದೆ ವಾಪಸ್ಸು ಹೋಗಿದ್ದರು. ಮಿಲ್ಲಿನ ಮ್ಯಾನೇಜರು ತಲೆ ಮೇಲೆ ಕೈ ಹೊತ್ತುಕೊಂಡಿದ್ದರು. "ಬೆನ್, ತಮೆ ಆ ಶುಂ ಕರ್ಯುಂ?" ನೀವು ಇದೇನು ಮಾಡಿಬಿಟ್ಟಿರಿ?

ನನಗೆ ಹಾರಾಡುವಷ್ಟು ಖುಷಿ. ಮರ ಉಳಿದೇ ಉಳಿಯಿತು ಅಂದುಕೊಂಡೆ. ಕಾಕುವಿಗೆ ಮಾತ್ರ ನೆಮ್ಮದಿ ಇಲ್ಲ. "ನಮ್ಮ ಪಟ್ಟಿ ಮ್ಯಾಲೆ ಇವರ ಪಟ್ಟಿ ಕಟ್ಟಿ ರೆಂಬಿ ಮುರದಾರ ನೋಡು," ಅಂತ ಒಂದೊಂದನ್ನೇ ಬಿಡಿಸಿ ಬೇರೆ ಕೊಂಬೆಗೆ ಕಟ್ಟುತ್ತ ಹೋದರು. ಒಬ್ಬರ ಹರಕೆಯನ್ನೂ ಬಿಸಾಡಲಿಲ್ಲ. ಇಳಿದ ಮೇಲೆ ಮೆಲ್ಲಗೆ, "ದೇವರಾದ ಗಿಡಾ ಕಡಿಯೂದಿಲ್ಲಂತ ತಿಳಕೋಬ್ಯಾಡ. ಸ್ವಲ್ಪ ಪೂಜಿ ಮಾಡಿ ಕಡೀತಾರ, ಅಷ್ಟೇ ಫರಕ," ಅಂದರು.

ಹಾಗೆಯೇ ಆಯಿತು. ಮಳೆ ಹಿಡಿದ ಮೇಲೆ ಮಿಲ್ಲಿನವರು ಪೂಜಾರಿಯನ್ನು ಕರೆಸಿ, ಕಾಯಿ ಒಡೆಸಿ, ಪಟ್ಟಿಗಳನ್ನೆಲ್ಲ ಬಿಚ್ಚಿಸಿ ತಾಪಿ ನದಿಗೆ ಬಿಡಿಸಿದರು. ಹಿಂದಿನ ದಿನ ಕಾಕುವಿಗೆ ಫೋನ್ ಮಾಡಿ ತಿಳಿಸಿದ್ದು ಆ ಚಪ್ಪಲಿ ಕಳಚಿದ ಮನುಷ್ಯನೇ. ನಮ್ಮ ಕಪ್ಪು ಪಟ್ಟಿಗಳನ್ನು ಮುಟ್ಟದ ಹಾಗೆ ನೋಡಿಕೊಂಡವನೂ ಅವನೇ.

ಗರಗಸ ಶುರುವಾದಾಗ ಮರದ ಕಡೆ ತಿರುಗಿದೆ. "ನೋಡಬ್ಯಾಡ, ಕತ್ತರಸು," ಅಂದರು ಕಾಕು. ಬಿದ್ದ ಕೊಂಬೆಗಳ ನಡುವೆ ಬಗ್ಗಿ, ಪಟ್ಟಿ ಕಟ್ಟಿದ ರೆಂಬೆಗಳನ್ನು ಹುಡುಕಿ ಕತ್ತರಿಸಿದೆವು. ಪಟ್ಟಿ ಬಿಚ್ಚಿದರೆ ಒಳಗೆ ತೊಗಟೆ ಬೆಳ್ಳಗೆ, ಮೆತ್ತಗೆ, ಬ್ಯಾಂಡೇಜು ಬಿಚ್ಚಿದ ಬೆರಳಿನ ಹಾಗೆ. ಕಾಂಡ ಬಿದ್ದ ಸದ್ದಿಗೆ ನೆಲ ನಡುಗಿತು. ಕಾಕು ತಲೆಯೆತ್ತಲಿಲ್ಲ. ಅವರ ಕತ್ತರಿ ಮಾತ್ರ ಒಂದು ಸಲ ಗಾಳಿಯನ್ನು ಕತ್ತರಿಸಿತು.

ಆ ದಿನದ್ದೇ ಮೊದಲು ಹೇಳಿದ ರೈಲು. ವಡೋದರಾವರೆಗೂ ಕಾಕು ನಿಂತೇ ಇದ್ದರು. ಈಗ ಬೇರೆ ಮರ ಇರಲಿಲ್ಲ. ಇರುವುದೆಲ್ಲ ಆ ಚೀಲದಲ್ಲಿತ್ತು.

ಕೆಲವು ಕಡ್ಡಿಗಳು ಬೇಗನೆ ಕೊಳೆತವು. ಉಳಿದವುಗಳ ಬುಡದಲ್ಲಿ ಬಿಳಿ ಗಂಟು ಮೂಡಿತು. ಜೋಳದ ಅಳ್ಳು ಅರಳಿದ ಹಾಗೆ ಕಾಣುತ್ತಿತ್ತು, ಕಾಕು ಅದನ್ನು ಅಳ್ಳು ಅಂತಲೇ ಕರೆಯುತ್ತಿದ್ದರು. "ಅಳ್ಳು ಬಂದದ, ಬೇರು ಬಂದಿಲ್ಲ. ಗಾಯ ಮಾಯ್ದದ, ಮನಸು ಮಾಡಿಲ್ಲ." ಬೆಳಿಗ್ಗೆ ನೋಡಿ, ಮನೆಗೆ ಹೋಗಿ, ಅನ್ನಕ್ಕಿಟ್ಟು, ಮತ್ತೆ ಆಟೋ ಹತ್ತಿ ನೋಡಲು ಬರುತ್ತಿದ್ದರು ಅಂತ ಭಾಯಿ ಹೇಳುತ್ತಿದ್ದರು.

ಆ ಹೊತ್ತಿಗೇ ಕಾಕಾ ಅವರಿಗೆ ಟ್ರಾನ್ಸ್‌ಫರ್ ಆಯಿತು. ಗುವಾಹಟಿ. ಕಾಕಾ ನಿಧಾನದ ಮನುಷ್ಯ. ಪೇಪರಿನ ಹಿಂದೆ ಮುಖ, ಮುಂದೆ ಚಹಾ. "ಇದು ಕಡೀ ಪೋಸ್ಟಿಂಗ್, ಇದೊಂದು ಆದ್ರ ಆತು," ಅಂದರು ನನಗೆ ಸಮಾಧಾನ ಹೇಳುವ ಹಾಗೆ.

ಕಾಕು ಅಡುಗೆಮನೆಗೂ ಹೊರಗಿನ ಕೋಣೆಗೂ ನಡುವೆ ತಿರುಗುತ್ತಿದ್ದರು. "ಸ್ಪ್ರೇ ಬಾಟಲಿ ಹಿಡಕೊಂಡು ದಾರೀಪೂರ್ತಿ ನೀರ ಹೊಡದ್ರ?"

"ಕಾಕು, ಅಷ್ಟು ದೂರ ಹೇಗೆ?"

"ಎಸಿ ಡಬ್ಬ್ಯಾಗ?"

"ಅಲ್ಲಿ ಗಾಳಿ ಇನ್ನೂ ಒಣ."

ಗೊತ್ತಿದ್ದದ್ದನ್ನೇ ಕೇಳುತ್ತಿದ್ದರು. ಮಂಜಿನಿಂದ ಹೊರಗೆ ತೆಗೆದರೆ ಅವು ಮಧ್ಯಾಹ್ನದೊಳಗೆ ಬತ್ತುತ್ತವೆ. ಊರೂರಿನಿಂದ ಕಡ್ಡಿ ಒಯ್ದವರು ಮೊದಲ ಸಲ ಖಾಲಿ ಕೈಯಲ್ಲಿ ಹೊರಡಬೇಕಿತ್ತು. ಬೇರು ಬರುತ್ತದೋ ಇಲ್ಲವೋ ತಿಳಿಯದೆ.

ಸ್ಟೇಷನ್ನಿನಲ್ಲಿ ರೈಲು ಚಲಿಸಿದ ಮೇಲೆ ಬಾಗಿಲಿಗೆ ಬಂದು ಕೂಗಿದರು. ಹುಷಾರು ಅಂತಲ್ಲ, ಮರೀಬೇಡ ಅಂತಲ್ಲ.

"ಎಳೀಬ್ಯಾಡ!"

ಆಮೇಲೆ ನನ್ನ ಭಾನುವಾರಗಳೆಲ್ಲ ವಡೋದರಾ. ವಾರದ ನಡುವೆ ಭಾಯಿಗೆ ಫೋನ್: ಕರೆಂಟ್ ಹೋಗಿತ್ತಾ, ನಳಿಕೆ ಕಟ್ಟಿದೆಯಾ. ಆ ಕಡೆಯಿಂದ ನನಗೆ ಕಾಕು ಫೋನ್: "ಎಳದಿಯೇನು?" "ಇಲ್ಲ ಕಾಕು." "ಸುಳ್ಳ ಹೇಳಬ್ಯಾಡ." "ಆಣೆ ಕಾಕು." ನಿಜವಾಗಿಯೂ ಎಳೆದಿರಲಿಲ್ಲ. ಬೆರಳು ತುರಿಸುತ್ತಿದ್ದವು, ಅದು ಬೇರೆ. ಒಂದೊಂದಾಗಿ ಕಡ್ಡಿಗಳು ಕಪ್ಪಾಗಿ ತಾವೇ ವಾಲಿಕೊಂಡವು. ಕೊನೆಗೆ ಒಂದೇ ಒಂದು ಹಸಿರಾಗಿ ಉಳಿಯಿತು, ತುದಿಯಲ್ಲಿ ಬಾಚಣಿಗೆಯ ಹಲ್ಲಿನಂಥ ಎಲೆ. ಅದನ್ನು ಕಾಕುವಿಗೆ ಹೇಳಿದೆ. "ಎಳೀಬ್ಯಾಡ," ಅಂದರು.

ವಿಜಯದಶಮಿಯ ದಿನ ಬೆಳಿಗ್ಗೆ ನಾನು ಪಾಲಿಹೌಸಿನಲ್ಲಿದ್ದಾಗ ಫೋನ್ ಬಂತು.

"ಎಲ್ಲಿದ್ದಿ?"

"ಅದರ ಮುಂದೇನೇ ಇದ್ದೀನಿ ಕಾಕು."

"ಇವತ್ತ ಎಳಿ."

"ನಾನಾ?"

"ಮತ್ತ ನಾ ಇಲ್ಲಿಂದ ಎಳೀಲೇನು? ಎರಡು ಬೆರಳು. ಮೆತ್ತಗ. ಮುರೀಬ್ಯಾಡ. ಫೋನ ಇಡಬ್ಯಾಡ."

ಮಂಜು ನಿಲ್ಲಿಸಿದೆ. ಫೋನನ್ನು ಟ್ರೇ ಪಕ್ಕ ಒರಗಿಸಿ ಸ್ಪೀಕರ್ ಹಾಕಿದೆ. ಕೈ ಒರೆಸಿಕೊಂಡೆ, ಮತ್ತೆ ಒರೆಸಿಕೊಂಡೆ. ಭಾಯಿ ಬಾಗಿಲಿಗೆ ಬಂದು ನಿಂತರು. ಎರಡು ಬೆರಳಲ್ಲಿ ಹಿಡಿದೆ. ಎಳೆದೆ. ಸ್ವಲ್ಪ, ಇನ್ನೊಂದು ಚೂರು.

"ಬಂತೇನು?"

"ಬರ್ಲಿಲ್ಲ ಕಾಕು."

"ಏನು?"

"ಬರ್ಲಿಲ್ಲ. ಕೆಳಗಡೆಯಿಂದ ಹಿಡ್ಕೊಂಡಿದೆ."

ಆ ಕಡೆ ಕುರ್ಚಿ ಎಳೆದ ಸದ್ದು, ಅದು ಕಿರ್ ಅಂದ ಸದ್ದು. ಕಾಕು ಕೂತರು. ಕೂತಲ್ಲಿಂದಲೇ, ಗಂಟಲು ಹರಿಯುವ ಹಾಗೆ, ಒಳಗಿನ ಕೋಣೆಗೆ ಕೂಗಿದರು:

"ಏನ್ರೀ, ಕೇಳಿದ್ರೇನು? ಬನ್ನಿ ಬರಲಿಲ್ಲಂತ್ರೀ!"

ಪೇಪರ್ ಮಡಚಿದ ಸದ್ದು. ಕಾಕಾ ಅವರ ನಿಧಾನದ ದನಿ, ತುಂಬ ಕನಿಕರದಿಂದ:

"ಛೇ, ಪಾಪ. ಹೋಗ್ಲಿ ಬಿಡು, ಮನಸಿಗೆ ಹಚ್ಗೋಬ್ಯಾಡ. ಮತ್ತೊಂದ ಸಲ ಹಚ್ಚಿದ್ರಾತು."